ಮಗಳು ಹಾಡು ಕೆಡಿಸುತ್ತಿಲ್ಲ

ಪ್ರಶ್ನೆ: ನನ್ನ ತವರು ಹಿಡಕಲ್ ಡ್ಯಾಂ ಹತ್ತಿರದ ಹಳ್ಳಿ. ಮದುವೆಯಾದ ಮೇಲೆ ಇಂಗ್ಲೆಂಡಿನಲ್ಲಿದ್ದೇವೆ. ಇಲ್ಲೇ ಹುಟ್ಟಿದ ಮಗಳಿಗೆ ಈಗ 15 ವರ್ಷ. ಗೆಳತಿಯರು ಕಾರು ಹತ್ತಿದರೆ ಕನ್ನಡ ಹಾಡು ಬಂದ್ ಮಾಡುತ್ತಿದ್ದವಳು, ಹೋದ ರಜೆಯಲ್ಲಿ ನಮ್ಮವ್ವನ ಬೀಸುಕಲ್ಲಿನ ಹಾಡುಗಳನ್ನು ಮೊಬೈಲಿನಲ್ಲಿ ತುಂಬಿಕೊಂಡು ಬಂದಳು. ಈಗ ಅವಕ್ಕೆ ಕಂಪ್ಯೂಟರಿನಲ್ಲಿ ಡ್ರಮ್ ಕೂಡಿಸಿ, ನಡುನಡುವೆ ಇಂಗ್ಲಿಷಿನಲ್ಲಿ ರ‍್ಯಾಪ್ ಹೇಳುತ್ತಾಳೆ. ‘ಹಿರಿಯರ ಹಾಡು ಕೆಡಿಸಬೇಡ, ಶಾಸ್ತ್ರೀಯ ಸಂಗೀತ ಕಲಿ’ ಎಂದು ಇವರು ಗದರುತ್ತಾರೆ. ಅವಳು ಬಾಗಿಲು ಹಾಕಿಕೊಳ್ಳುತ್ತಾಳೆ. ಏನು ಮಾಡಲಿ?
– ಹೆಸರು ಬೇಡ, ಬರ್ಮಿಂಗ್‌ಹ್ಯಾಮ್

ಉತ್ತರ: ತಂಗಿ, ಅವಳನ್ನು ತಡೆಯಬೇಡಿ. ಹಾಡು ಬಂದ್ ಮಾಡುತ್ತಿದ್ದ ಹುಡುಗಿ ತಾನಾಗಿಯೇ ಅಜ್ಜಿಯ ಮುಂದೆ ಕುಳಿತು ಹಾಡು ಕೇಳಿಸಿಕೊಂಡಿದ್ದಾಳೆ. ‘ನಾನು ಯಾರ ಪೈಕಿ’ ಎಂಬ ಪ್ರಶ್ನೆ ಅವಳೊಳಗೆ ಎದ್ದಿದೆ, ಉತ್ತರವನ್ನು ಹಾಡಿನಲ್ಲಿ ಹುಡುಕುತ್ತಿದ್ದಾಳೆ.

ಬೀಸುವ ಹಾಡು ಒಬ್ಬರು ಬರೆದಿಟ್ಟದ್ದಲ್ಲ. ಹಿಟ್ಟು ಬೀಳುತ್ತಿದ್ದಂತೆ ಒಬ್ಬೊಬ್ಬ ಹೆಣ್ಣುಮಗಳೂ ತನ್ನ ಅಣ್ಣನ ಹೆಸರು, ತನ್ನ ತವರಿನ ಹೆಸರು ಸೇರಿಸಿ ಹಾಡಿದ್ದು. ಮೂರು ಸಾಲಿನ ತ್ರಿಪದಿ ಹಾಡುವಾಗ ಎರಡನೇ ಸಾಲಿನ ತುಂಡೊಂದು ಮರಳಿ ಬಂದು ನಾಲ್ಕು ಸಾಲಾಗುತ್ತದೆ; ಕಲ್ಲು ತಿರುಗುವ ಗತಿಗೆ ಹಾಡು ಹಾಗೆ ಹೊಂದಿಕೊಂಡಿತು. ಗಂಡನ ಮನೆಗೆ ಬಂದವಳು ತವರನ್ನು ನೆನೆಯುವ ಹಾಡು ಅದು. ಊರು ಬಿಟ್ಟವರ ಮನೆಯಲ್ಲಿ ಅದಕ್ಕಿಂತ ಹತ್ತಿರದ್ದು ಯಾವುದಿದೆ?

ಯಜಮಾನರಿಗೆ ನಿಮ್ಮ ಸೀಮೆಯದೇ ಬಯಲಾಟ ‘ಶ್ರೀಕೃಷ್ಣ ಪಾರಿಜಾತ’ವನ್ನು ನೆನಪಿಸಿ. ಅಪರಾಳ ತಮ್ಮಣ್ಣನ ಕೃತಿಯನ್ನು ಈಗಿನ ಮೂಡಲಗಿ ತಾಲ್ಲೂಕಿನ ಕುಲಗೋಡ ತಮ್ಮಣ್ಣ ಬಯಲಾಟಕ್ಕೆ ಒಗ್ಗಿಸಿದ. ಕಲಾವಿದೆ ಕೌಜಲಗಿ ನಿಂಗಮ್ಮ ಅದನ್ನು ಊರೂರಿಗೆ ಮುಟ್ಟಿಸಿದರು. ಅದರ ಮೇಳದಲ್ಲಿ ನುಡಿಯುವ ಹಾರ್ಮೋನಿಯಂ ಯುರೋಪಿನಿಂದ ಬಂದದ್ದು. ಅದರಿಂದ ಪಾರಿಜಾತ ಕೆಡಲಿಲ್ಲ. ಶಾಸ್ತ್ರೀಯ ಸಂಗೀತ ಕಲಿತರೆ ಒಳ್ಳೆಯದೇ. ಆದರೆ ಈ ಹಾಡಿಗೆ ದಂಡವಾಗಿ ಅದನ್ನು ಹೇರಿದರೆ ಎರಡರ ಮೇಲೂ ಮನಸ್ಸು ಮುರಿಯುತ್ತದೆ.

ಊರು ಬಿಟ್ಟವರ ಹಾಡು ಹೊಸ ತಾಳ ಸೇರಿ ಉಳಿದದ್ದೂ ಉಂಟು. ಭಾರತದಿಂದ ದೂರದ ಟ್ರಿನಿಡಾಡಿಗೆ 1845ರಿಂದ ಕಬ್ಬಿನ ತೋಟದ ಕೂಲಿಗೆಂದು ಹೋದವರ ಮನೆಗಳಲ್ಲಿ ಭೋಜಪುರಿ ಮಾತು ಬಹುಮಟ್ಟಿಗೆ ಅಳಿಯಿತು. ಹೆಂಗಸರ ಮದುವೆ ಹಾಡು ಉಳಿಯಿತು, ಅಲ್ಲಿನ ಕ್ಯಾಲಿಪ್ಸೊ ತಾಳ ಸೇರಿ ‘ಚಟ್ನಿ’ ಸಂಗೀತವಾಯಿತು. ಮಾತಾಡಲು ಬಾರದವರೂ ಇಂದು ಆ ಪದಗಳನ್ನು ಹಾಡುತ್ತಾರೆ. ನನಗೆ ಇಲ್ಲೊಂದು ಎಚ್ಚರಿಕೆಯೂ ಕಾಣುತ್ತದೆ: ಅರ್ಥ ತಿಳಿಯದೆ ದನಿಯಷ್ಟೇ ಉಳಿದರೆ ಅರ್ಧ ನಷ್ಟ. ಮಗಳಿಗೆ ನೀವು ಕೊಡಬೇಕಾದದ್ದು ಆ ಅರ್ಥ. ಹಾಡಿನಲ್ಲಿ ಬರುವ ಊರು ಯಾವುದು, ಅಣ್ಣ ಯಾರು, ಹಿಡಕಲ್ ಡ್ಯಾಂ ಕಟ್ಟಿ ಘಟಪ್ರಭೆಯ ನೀರು ನಿಂತಾಗ ಯಾರ ಹೊಲ ಮುಳುಗಿತು, ಎಲ್ಲವನ್ನೂ ಹೇಳಿ.

ಗೆಳತಿಯರ ಮುಂದೆ ಕನ್ನಡ ಹಾಡು ಬಂದ್ ಮಾಡುತ್ತಿದ್ದಳು ಎಂದಿರಿ; ಶಾಲೆಯಲ್ಲಿ ಯಾರಾದರೂ ಅವಳನ್ನು ಹಂಗಿಸುತ್ತಿದ್ದಾರೆಯೇ ಎಂದು ಮೆಲ್ಲಗೆ ಕೇಳಿ ನೋಡಿ. ಹೌದಾದರೆ ಶಿಕ್ಷಕರೊಡನೆ ಮಾತಾಡಲೇಬೇಕು; ಅದನ್ನು ಹಾಡು ಸರಿಪಡಿಸದು.

ಬರುವ ಭಾನುವಾರ ಅವ್ವನಿಗೆ ವಿಡಿಯೊ ಕಾಲ್ ಹಚ್ಚಿ, ಮೊಮ್ಮಗಳು ಮಾಡಿದ ಹಾಡನ್ನು ಕೇಳಿಸಿ. ಯಜಮಾನರೂ ಪಕ್ಕದಲ್ಲಿ ಕೂಡಲಿ. ಹಾಡು ಕೆಟ್ಟಿತೋ ಇಲ್ಲವೋ ಎಂಬ ತೀರ್ಪು ಅವ್ವನದು.