ತುಡುವೆ ಸಾಕಣೆ: ಮೊದಲ ವರ್ಷಕ್ಕೊಂದು ಕೈಪಿಡಿ

ಜೇನು ಸಾಕಲು ಹೊರಟವರು ಮೊದಲು ಕೇಳುವುದು ಒಂದು ಪೆಟ್ಟಿಗೆಯಿಂದ ಎಷ್ಟು ಕಿಲೋ ತುಪ್ಪ ಸಿಗುತ್ತದೆ ಎಂದು. ಮೊದಲ ವರ್ಷಕ್ಕೆ ನಾನು ಮುಖ್ಯವೆಂದುಕೊಳ್ಳುವ ಪ್ರಶ್ನೆ ಬೇರೆ: ತಂದ ಜೇನು ಕುಟುಂಬ ಮುಂದಿನ ಮಳೆಗಾಲ ದಾಟಿ ಉಳಿಯುತ್ತದೆಯೇ? ಸಹಾಯಧನದಲ್ಲಿ ಬಂದ ಎಷ್ಟೋ ಪೆಟ್ಟಿಗೆಗಳು ಇಂದು ಅಟ್ಟದ ಮೇಲಿವೆ. ಹುಳ ಓಡಿಹೋಯಿತು ಎಂದು ಅವುಗಳ ಯಜಮಾನರು ಹೇಳುತ್ತಾರೆ. ಹುಳ ಓಡಿಹೋಗುವುದಕ್ಕೆ ಕಾರಣಗಳಿರುತ್ತವೆ, ಅವುಗಳಲ್ಲಿ ಹೆಚ್ಚಿನವನ್ನು ತಡೆಯಬಹುದು. ಕರಾವಳಿ ಮತ್ತು ಮಲೆನಾಡಿನ ತೋಟದಲ್ಲಿ ಹೊಸದಾಗಿ ಪೆಟ್ಟಿಗೆ ಇಡುವವರಿಗಾಗಿ ಇದನ್ನು ಬರೆದಿದ್ದೇನೆ. ಬಯಲುಸೀಮೆಯವರು ಕೆಲಸದ ಕ್ರಮವನ್ನು ಹಾಗೆಯೇ ಇಟ್ಟುಕೊಂಡು, ತಿಂಗಳುಗಳನ್ನು ತಮ್ಮ ಊರಿನ ಹೂವಿಗೆ ಹೊಂದಿಸಿಕೊಳ್ಳಲಿ.

ಹಂತ 1: ಯಾವ ಜೇನು?

ಹೆಜ್ಜೇನು ಮತ್ತು ಕೋಲುಜೇನು ಬಯಲಲ್ಲಿ ಒಂದೇ ಎರಿ ಕಟ್ಟುವ ಜಾತಿಗಳು, ಪೆಟ್ಟಿಗೆಗೆ ಒಗ್ಗುವುದಿಲ್ಲ. ಮುಜಂಟಿಯನ್ನು ಬಿದಿರಿನಲ್ಲೋ ಮಡಕೆಯಲ್ಲೋ ಸಾಕಬಹುದು. ಅದು ಕುಟುಕುವುದಿಲ್ಲ, ತುಪ್ಪವೂ ಸ್ವಲ್ಪವೇ. 1962ರ ನಂತರ ಉತ್ತರ ಭಾರತದಲ್ಲಿ ನೆಲೆಯೂರಿದ ಯುರೋಪಿನ ಮೆಲ್ಲಿಫೆರಾ ಹೆಚ್ಚು ತುಪ್ಪ ಕೊಡುತ್ತದೆ. ಆದರೆ ಅದರ ಪೆಟ್ಟಿಗೆಗಳನ್ನು ಸೂರ್ಯಕಾಂತಿ, ಸಾಸಿವೆ ಅರಳುವಲ್ಲಿಗೆಲ್ಲ ಲಾರಿಯಲ್ಲಿ ಹೊತ್ತೊಯ್ಯುತ್ತಿರಬೇಕು. ಮನೆಯ ಪಕ್ಕ ಎರಡು ಪೆಟ್ಟಿಗೆ ಇಟ್ಟುಕೊಳ್ಳುವವರಿಗೆ ತುಡುವೆಯೇ ಸರಿ. ಅದು ನಮ್ಮ ಕಾಡಿನದೇ ಜೇನು. ಮೆಲ್ಲಿಫೆರಾವನ್ನು ಕಾಡುವ ವರೋವಾ ನುಸಿಯ ಜೊತೆ ಬಹಳ ಹಿಂದಿನಿಂದ ಬಾಳಿ, ಅದನ್ನು ಮೈಯಿಂದ ಕಿತ್ತುಹಾಕಲು ಕಲಿತ ಜಾತಿ ಇದು.

ಹಂತ 2: ಹೂವಿನ ಲೆಕ್ಕ

ತುಡುವೆ ಸಾಮಾನ್ಯವಾಗಿ ಒಂದು ಕಿಲೋಮೀಟರಿನೊಳಗೇ ಮೇಯುತ್ತದೆ. ಅಷ್ಟು ದೂರದೊಳಗೆ ಯಾವ ತಿಂಗಳು ಯಾವ ಹೂವು ಎಂಬುದನ್ನು ಪೆಟ್ಟಿಗೆ ತರುವ ಮೊದಲೇ ಬರೆದಿಟ್ಟುಕೊಳ್ಳಿ. ತೆಂಗು ಮತ್ತು ಅಡಿಕೆಯಿಂದ ಪರಾಗ ಸಿಗುತ್ತದೆ. ಮಳೆ ನಿಂತ ಮೇಲೆ ಅಂಟುವಾಳ, ಬೇಸಿಗೆಯ ಹೊತ್ತಿಗೆ ನೇರಳೆ, ಹೊಂಗೆ, ಮತ್ತಿ ಬರುತ್ತವೆ. ಕೊಡಗಿನ ಕಡೆ ಮೊದಲ ಮಳೆ ಬಿದ್ದ ಮೇಲೆ ಅರಳುವ ಕಾಫಿ ಕೆಲವೇ ದಿನದ ಹಬ್ಬ. ಸುಳ್ಯ, ಪುತ್ತೂರು, ಬೆಳ್ತಂಗಡಿಗಳಲ್ಲಿ ರಬ್ಬರೇ ದೊಡ್ಡ ಆಸರೆ. ಎಲೆ ಉದುರಿಸಿದ ರಬ್ಬರು ಮರ ಮತ್ತೆ ಚಿಗುರುವಾಗ ಎಲೆತೊಟ್ಟಿನ ತುದಿಯ ಗ್ರಂಥಿಗಳಿಂದ ಸಿಹಿ ಒಸರುತ್ತದೆ. ಹೂವಿಲ್ಲದೆ ಸಿಗುವ ಆ ಮಕರಂದದಿಂದಲೇ ಅಲ್ಲಿನ ಹೆಚ್ಚಿನ ಪೆಟ್ಟಿಗೆಗಳು ತುಂಬುತ್ತವೆ.

ಸುತ್ತಮುತ್ತ ಯಾರು ಯಾವ ಕೀಟನಾಶಕ ಹೊಡೆಯುತ್ತಾರೆ ಎಂದೂ ವಿಚಾರಿಸಿ. ಹೂ ಬಿಟ್ಟ ತರಕಾರಿಗೆ ಬೆಳಗ್ಗೆ ಔಷಧಿ ಬಿದ್ದರೆ ಸಂಜೆ ಪೆಟ್ಟಿಗೆಯ ಮುಂದೆ ಸತ್ತ ಜೇನುನೊಣಗಳ ರಾಶಿಯಿರುತ್ತದೆ. ನೆರೆಯವರ ಬಳಿ ಹೋಗಿ, ಹೊಡೆಯಲೇಬೇಕಾದರೆ ನೊಣ ಗೂಡು ಸೇರಿದ ಮೇಲೆ, ಮುಸ್ಸಂಜೆಗೆ ಹೊಡೆಯಿರಿ ಎಂದು ಕೇಳಿಕೊಳ್ಳಿ. ಪರಾಗಸ್ಪರ್ಶದಿಂದ ಅವರ ಬೆಳೆಗೂ ಲಾಭವಿದೆ ಎಂದು ತಿಳಿಸಿದರೆ ಹೆಚ್ಚಿನವರು ಒಪ್ಪುತ್ತಾರೆ.

ಹಂತ 3: ಒಮ್ಮೆ ಕುಟುಕಿಸಿಕೊಳ್ಳಿ

ಹಣ ಹಾಕುವ ಮೊದಲು ಊರಿನ ಅನುಭವಿ ಸಾಕಣೆದಾರರೊಬ್ಬರ ಜೊತೆ ನಾಲ್ಕಾರು ಸಲ ಪೆಟ್ಟಿಗೆ ತೆರೆದು ನೋಡಿ. ತೋಟಗಾರಿಕೆ ಇಲಾಖೆ, ಕೃಷಿ ವಿಶ್ವವಿದ್ಯಾಲಯಗಳು, ಜೇನು ಸಹಕಾರಿ ಸಂಘಗಳು ತರಬೇತಿ ಕೊಡುತ್ತವೆ. ಅದಕ್ಕೂ ಹೋಗಿ. ಆದರೆ ಎರಿಯನ್ನು ಕೈಯಲ್ಲಿ ಹಿಡಿದು ಕಲಿಯುವುದಕ್ಕೆ ಬದಲಿಯಿಲ್ಲ.

ಹಾಗೆ ಕಲಿಯುವಾಗ ನೊಣ ಕುಟುಕಿದರೆ ಕೂಡಲೇ ಮುಳ್ಳನ್ನು ಉಗುರಿನಿಂದ ಕೆರೆದು ತೆಗೆಯಬೇಕು. ಬಿಟ್ಟಷ್ಟು ಹೊತ್ತೂ ಅದರಿಂದ ವಿಷ ಇಳಿಯುತ್ತಿರುತ್ತದೆ, ಆ ವಾಸನೆಗೆ ಬೇರೆ ನೊಣಗಳೂ ಬರುತ್ತವೆ. ಕುಟುಕಿದ ಜಾಗ ಬಾತು, ತುರಿಸುವುದು ಸಹಜ. ಮೈಯೆಲ್ಲ ದದ್ದು ಎದ್ದರೆ, ಉಸಿರು ಕಟ್ಟಿದರೆ, ತಲೆ ಸುತ್ತಿದರೆ ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಹೋಗಿ. ಅಂಥ ಅಲರ್ಜಿ ಇರುವವರಿಗೆ ಈ ಕೆಲಸ ಬೇಡ.

ಹಂತ 4: ಪೆಟ್ಟಿಗೆ ಮತ್ತು ಸಲಕರಣೆ

1851ರಲ್ಲಿ ಅಮೆರಿಕದ ಲ್ಯಾಂಗ್‌ಸ್ಟ್ರಾತ್ ಒಂದು ಸಂಗತಿ ಗಮನಿಸಿದರು. ಎರಡು ಎರಿಗಳ ನಡುವೆ ತಮಗೆ ಓಡಾಡಲು ಬೇಕಾದಷ್ಟೇ ಸಂದು ಇದ್ದರೆ ನೊಣಗಳು ಅದನ್ನು ಹಾಗೇ ಬಿಡುತ್ತವೆ. ಸಂದು ದೊಡ್ಡದಾದರೆ ಅಲ್ಲಿ ಎರಿ ಕಟ್ಟುತ್ತವೆ, ಚಿಕ್ಕದಾದರೆ ಮುಚ್ಚಿಬಿಡುತ್ತವೆ. ಎರಿಯನ್ನು ಮುರಿಯದೆ ಹೊರತೆಗೆಯುವ ಇಂದಿನ ಪೆಟ್ಟಿಗೆಗಳೆಲ್ಲ ಈ ತಿಳಿವಿನ ಮೇಲೆ ನಿಂತಿವೆ. 1911ರ ನಂತರ ತಿರುಚಿರಾಪಳ್ಳಿಯ ಪಾದ್ರಿ ನ್ಯೂಟನ್ ತುಡುವೆಯ ಮೈಕಟ್ಟಿಗೆ ಹೊಂದುವ ಸಣ್ಣ ಪೆಟ್ಟಿಗೆ ರೂಪಿಸಿದರು. ದಕ್ಷಿಣ ಭಾರತದಲ್ಲಿ ಹಬ್ಬಿರುವುದು ಅದೇ ಮಾದರಿ. ತುಡುವೆಗೆ ಬೇಕಾದ ಸಂದು ಸುಮಾರು 8 ಮಿಲಿಮೀಟರ್. ಆದ್ದರಿಂದ ಅಳತೆ ಗೊತ್ತಿಲ್ಲದ ಬಡಗಿಯಿಂದ ಅಂದಾಜಿನಲ್ಲಿ ಪೆಟ್ಟಿಗೆ ಮಾಡಿಸಬೇಡಿ.

ಅಡಿಮಣೆ, ಅದರ ಮೇಲೆ ಮರಿಕೋಣೆ, ಅದರ ಮೇಲೆ ಜೇನುಕೋಣೆ, ಒಳಮುಚ್ಚಳ, ಮಾಡು: ಪೆಟ್ಟಿಗೆ ಎಂದರೆ ಇಷ್ಟು. ಎರಡು ಕುಟುಂಬಗಳಿಂದ ಶುರುಮಾಡಿ, ಪೆಟ್ಟಿಗೆ ಮಾತ್ರ ಮೂರು ಇರಲಿ. ಒಂದೇ ಕುಟುಂಬವಿದ್ದರೆ ರಾಣಿ ಸತ್ತಾಗ ಮೊಟ್ಟೆಯಿರುವ ಒಂದು ಎರಿ ಕೊಡುವುದಕ್ಕೂ ಇನ್ನೊಂದು ಇರುವುದಿಲ್ಲ. ಎಲ್ಲ ಪೆಟ್ಟಿಗೆಗಳೂ ಒಂದೇ ಅಳತೆಯವಾಗಿರಲಿ. ಒಳಗೆ ಬಣ್ಣ ಬಳಿಯಬೇಡಿ. ಇದರ ಜೊತೆಗೆ ಮುಖಪರದೆ, ಹೊಗೆತಿದಿ, ಚೂಪಾದ ಚಾಕು, ರಾಣಿ ಹೊರಹೋಗದಂತೆ ಬಾಗಿಲಿಗಿಡುವ ಗೇಟು ಸಾಕು. ತುಪ್ಪ ತೆಗೆಯುವ ಯಂತ್ರವನ್ನು ಮೊದಲ ವರ್ಷ ಯಾರಿಂದಲಾದರೂ ಎರವಲು ಪಡೆಯಿರಿ.

ಹಂತ 5: ಕುಟುಂಬ ತರುವುದು

ಕರಾವಳಿ, ಮಲೆನಾಡಿಗೆ ಅಕ್ಟೋಬರ್, ನವೆಂಬರ್ ಒಳ್ಳೆಯ ಕಾಲ. ಮಳೆ ಹಿಂದೆ ಸರಿದಿರುತ್ತದೆ, ಹೂವು ಮುಂದಿರುತ್ತದೆ. ಮೇ ತಿಂಗಳಲ್ಲಿ ಅಗ್ಗವಾಗಿ ಸಿಕ್ಕಿತೆಂದು ಕೊಂಡರೆ ಮರುವಾರವೇ ಸಕ್ಕರೆ ನೀರು ಹೊತ್ತು ತಿರುಗಬೇಕಾಗುತ್ತದೆ.

ಕೊಳ್ಳುವಾಗ ಮುಚ್ಚಿದ ಪೆಟ್ಟಿಗೆಯ ಮೇಲೆ ಹಣ ಕೊಡಬೇಡಿ. ತೆರೆಸಿ ನೋಡಿ. ಕನಿಷ್ಠ ನಾಲ್ಕೈದು ಎರಿಗಳ ಎರಡೂ ಮೈಯಲ್ಲಿ ನೊಣ ದಟ್ಟವಾಗಿ ಕುಳಿತಿರಬೇಕು. ಎರಿಯ ಕಣ್ಣುಗಳ, ಅಂದರೆ ಕೋಶಗಳ, ತಳದಲ್ಲಿ ಒಂದೊಂದೇ ಮೊಟ್ಟೆ, ಬೇರೆಡೆ ಬೆಳ್ಳಗಿನ ಮರಿಹುಳ, ಮುಚ್ಚಿದ ಮರಿ ನಡುನಡುವೆ ಖಾಲಿಯಿಲ್ಲದೆ ಹಬ್ಬಿರಬೇಕು. ಮರಿ ಚದುರಿದಂತಿದ್ದರೆ, ಸತ್ತ ಮರಿಗಳು ತಲೆಯೆತ್ತಿ ನೀರು ತುಂಬಿದ ಚೀಲದಂತೆ ಕಂಡರೆ ಅದು ಥಾಯ್ ಸ್ಯಾಕ್‌ಬ್ರೂಡ್ ರೋಗದ ಗುರುತು. 1991-92ರಲ್ಲಿ ದಕ್ಷಿಣ ಭಾರತಕ್ಕೆ ಹಬ್ಬಿದ ಈ ವೈರಸ್ ಕರ್ನಾಟಕದ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ಮುಗಿಸಿತು. ತಲೆಮಾರುಗಳಿಂದ ಜೇನು ಸಾಕುತ್ತಿದ್ದ ಎಷ್ಟೋ ಮನೆಗಳಲ್ಲಿ ಪೆಟ್ಟಿಗೆ ಬರಿದಾದದ್ದು ಆಗಲೇ. ಇದಕ್ಕೆ ಔಷಧಿಯಿಲ್ಲ. ರೋಗ ಕಂಡ ಪೆಟ್ಟಿಗೆಯಿಂದ ಇನ್ನೊಂದಕ್ಕೆ ಎರಿ ಹಾಕಬಾರದು, ಮುಟ್ಟಿದ ಕೈ ಮತ್ತು ಚಾಕುವನ್ನು ಸೋಪು ಹಾಕಿ ತೊಳೆಯಬೇಕು.

ಮರದ ಪೊಟರೆಯಿಂದ ಹಿಡಿಯುವುದಾದರೆ ಗೊತ್ತಿದ್ದವರ ಜೊತೆ ಹೋಗಿ. ಮರಿಯಿರುವ ಎರಿಗಳನ್ನು ಮೆಲ್ಲಗೆ ಕೊಯ್ದು, ತಲೆಕೆಳಗಾಗದಂತೆ ಚೌಕಟ್ಟಿಗೆ ಬಾಳೆನಾರಿನಿಂದ ಕಟ್ಟಬೇಕು. ತುಪ್ಪ ತುಂಬಿದ ಎರಿಯನ್ನು ಕಟ್ಟಬೇಡಿ, ಭಾರಕ್ಕೆ ಜಾರಿ ಬಿದ್ದು ಎಲ್ಲವನ್ನೂ ಅಂಟಿಸಿಬಿಡುತ್ತದೆ. ರಾಣಿ ಪೆಟ್ಟಿಗೆ ಸೇರಿದರೆ ಉಳಿದ ನೊಣಗಳು ತಾವೇ ಒಳನಡೆಯುತ್ತವೆ. ಬಾಗಿಲಿಗೆ ರಾಣಿ ಗೇಟು ಹಾಕಿ, ಕತ್ತಲಾದ ಮೇಲೆ ಮನೆಗೆ ತನ್ನಿ. ಪರಾಗ ಹೊತ್ತು ಬರುವುದು ಕಂಡು, ಹೊಸ ಎರಿ ಕಟ್ಟತೊಡಗಿದ ಮೇಲೆ ಗೇಟು ತೆಗೆಯಿರಿ.

ಹಂತ 6: ಇಡುವ ಜಾಗ

ಬೆಳಗಿನ ಎಳೆಬಿಸಿಲು ಬಾಗಿಲಿಗೆ ಬೀಳಬೇಕು, ಮಧ್ಯಾಹ್ನ ನೆರಳಿರಬೇಕು. ಮೊಣಕಾಲೆತ್ತರದ ಕಂಬದ ಮೇಲೆ, ಬಾಗಿಲಿನ ಕಡೆಗೆ ತುಸು ವಾಲಿಸಿ ಇಡಿ, ಮಳೆನೀರು ಒಳಗೆ ನಿಲ್ಲುವುದಿಲ್ಲ. ಇರುವೆ ಹತ್ತದಂತೆ ಕಂಬಕ್ಕೆ ನೀರಿನ ತಟ್ಟೆಯಿರಲಿ. ರಾತ್ರಿ ದೀಪ ಉರಿಯುವ ಅಂಗಳ, ಹಟ್ಟಿ, ಜನ ನಡೆಯುವ ದಾರಿ ಬೇಡ. ಇಟ್ಟ ಮೇಲೆ ಮನಬಂದಂತೆ ಜಾಗ ಬದಲಿಸಬಾರದು, ಹೊರಹೋದ ನೊಣ ಹಳೆಯ ಜಾಗಕ್ಕೇ ಮರಳುತ್ತದೆ.

ಹಂತ 7: ವಾರಕ್ಕೊಮ್ಮೆ ಓದುವುದು

ವಾರಕ್ಕೊಮ್ಮೆ ಪೆಟ್ಟಿಗೆ ತೆರೆದು ನೋಡುವುದೇ ಸಾಕಣೆಯ ಜೀವಾಳ. ಬಿಸಿಲಿರುವ ದಿನ, ಬೆಳಗ್ಗೆ ಒಂಬತ್ತರಿಂದ ಹನ್ನೊಂದರ ನಡುವೆ, ಸೆಂಟು ಬೆವರುಗಳ ವಾಸನೆಯಿಲ್ಲದೆ ಹೋಗಿ. ಬಾಗಿಲಿನ ಎದುರು ನಿಲ್ಲದೆ ಪಕ್ಕದಲ್ಲಿ ನಿಲ್ಲಿ. ತೆಂಗಿನ ಸಿಪ್ಪೆಯ ತಣ್ಣನೆಯ ಹೊಗೆಯನ್ನು ಎರಡು ಮೂರು ಸಲ ಊದಿದರೆ ಸಾಕು. ತುಡುವೆಗೆ ಹೆಚ್ಚು ಹೊಗೆ ಕೊಟ್ಟರೆ ಗಾಬರಿಯಾಗಿ ಎರಿ ಬಿಟ್ಟು ಓಡಾಡುತ್ತದೆ, ರಾಣಿಯೂ ಕಾಣುವುದಿಲ್ಲ.

ಅಂಚಿನ ಚೌಕಟ್ಟನ್ನು ಮೊದಲು ತೆಗೆದು ಜಾಗ ಮಾಡಿಕೊಂಡು, ಒಂದೊಂದನ್ನೇ ನೇರವಾಗಿ ಮೇಲೆತ್ತಿ. ಪೆಟ್ಟಿಗೆಯ ಮೇಲೆಯೇ ಹಿಡಿದು ನೋಡಿ, ರಾಣಿ ಜಾರಿದರೂ ಒಳಗೇ ಬೀಳುತ್ತದೆ. ರಾಣಿಯನ್ನು ಹುಡುಕುತ್ತಾ ಕೂರಬೇಡಿ. ಕಣ್ಣಿನ ತಳದಲ್ಲಿ ಇಂದಿನ ಮೊಟ್ಟೆ ನೆಟ್ಟಗೆ ನಿಂತಿದ್ದರೆ ಆಕೆ ಇದ್ದಾಳೆ. ಒಂದೊಂದು ಕಣ್ಣಿನಲ್ಲಿ ಎರಡು ಮೂರು ಮೊಟ್ಟೆ ಅಡ್ಡಾದಿಡ್ಡಿ ಬಿದ್ದಿದ್ದರೆ ರಾಣಿ ಇಲ್ಲವಾಗಿ ಆಳುನೊಣಗಳೇ ಮೊಟ್ಟೆಯಿಡತೊಡಗಿವೆ ಎಂದರ್ಥ. ಉಬ್ಬಿದ ಮುಚ್ಚಳದ ನಡುವೆ ಸೂಜಿಮೊನೆಯಷ್ಟು ತೂತಿದ್ದರೆ ಅದು ಗಂಡುನೊಣದ ಕೋಶ. ಎರಿಯ ಕೆಳ ಅಂಚಿನಲ್ಲಿ ಕಡಲೆಕಾಯಿಯಂತೆ ಇಳಿಬಿದ್ದಿರುವುದು ರಾಣಿ ಮೊಟ್ಟೆ, ಅಂದರೆ ಹೊಸ ರಾಣಿ ಬೆಳೆಯುವ ಕೋಶ. ಅದು ಕಂಡರೆ ಕುಟುಂಬ ಪಾಲಾಗಲು ಸಿದ್ಧವಾಗಿದೆ.

ಕೊನೆಗೆ ಅಡಿಮಣೆಯನ್ನು ಗುಡಿಸಿ ಒರೆಸಿ. ಇದನ್ನು ಬಿಡುವವರೇ ಹೆಚ್ಚು. ಹಳೆಯ ಕಪ್ಪು ಎರಿಯನ್ನು ತುಡುವೆ ತಾನೇ ಕಡಿದು ಪುಡಿಮಾಡಿ ಕೆಳಗೆ ಬೀಳಿಸುತ್ತದೆ. ಆ ಮೇಣದ ಪುಡಿಯಲ್ಲಿ ಮೇಣದ ಪತಂಗದ ಹುಳ ಬೆಳೆದು ಎರಿಗೆ ಏರುತ್ತದೆ, ಬಲೆ ಕಟ್ಟುತ್ತದೆ, ಕುಟುಂಬ ಪೆಟ್ಟಿಗೆ ಬಿಟ್ಟುಹೋಗುತ್ತದೆ. ನೊಣ ಕೂರದ ಎರಿ ಕಂಡರೆ ಅದನ್ನು ತೆಗೆದು ಮೇಣಕ್ಕೆ ಕರಗಿಸಿಬಿಡಿ. ನೋಡಿದ್ದನ್ನು ತಾರೀಕು ಹಾಕಿ ಪುಸ್ತಕದಲ್ಲಿ ಬರೆಯಿರಿ.

ಹಂತ 8: ಪಾಲು

ರಾಣಿ ಮೊಟ್ಟೆ ಮುಚ್ಚುವ ಹೊತ್ತಿಗೆ ಹಳೆಯ ರಾಣಿ ಅರ್ಧ ನೊಣಗಳೊಡನೆ ಹೊರಡುತ್ತದೆ. ಅದಕ್ಕೆ ಮೊದಲೇ ನೀವೇ ಪಾಲು ಮಾಡಿ. ಹಳೆಯ ರಾಣಿಯಿರುವ ಎರಿಯನ್ನು ಅದಕ್ಕಂಟಿದ ನೊಣಸಹಿತ, ಮರಿಯ ಮತ್ತು ತುಪ್ಪದ ಇನ್ನೆರಡು ಎರಿಗಳ ಜೊತೆ ಮೂರನೆಯ ಪೆಟ್ಟಿಗೆಗೆ ಹಾಕಿ, ದೂರದಲ್ಲಿಡಿ. ಹಳೆಯ ಜಾಗದಲ್ಲಿ ಒಂದೆರಡು ಒಳ್ಳೆಯ ರಾಣಿ ಮೊಟ್ಟೆ ಉಳಿಸಿ, ಬೇರೆಯವನ್ನು ಕಿತ್ತುಹಾಕಿ. ಮೊಟ್ಟೆಯಿಂದ ರಾಣಿಯಾಗಲು ಸುಮಾರು 16 ದಿನ ಬೇಕು, ಆಮೇಲೆ ಅದು ಹಾರಿಹೋಗಿ ಗಂಡುನೊಣಗಳ ಜೊತೆ ಕೂಡಿ ಬರಬೇಕು. ಆ ದಿನಗಳಲ್ಲಿ ಪೆಟ್ಟಿಗೆಯನ್ನು ಕೆದಕಬೇಡಿ, ರಾಣಿ ಗೇಟನ್ನೂ ಹಾಕಬೇಡಿ. ಮೂರು ನಾಲ್ಕು ವಾರದ ನಂತರವೂ ಮೊಟ್ಟೆ ಕಾಣದಿದ್ದರೆ ಎರಡನ್ನೂ ಮತ್ತೆ ಒಂದು ಮಾಡಿ. ಕುಟುಂಬ ತೀರ ಬಲವಾಗಿಲ್ಲದಿದ್ದರೆ ಮೊದಲ ವರ್ಷ ಒಂದಕ್ಕಿಂತ ಹೆಚ್ಚು ಪಾಲು ಮಾಡಲೇಬಾರದು.

ಹಂತ 9: ತುಪ್ಪ

ಮರಿಕೋಣೆಯ ಎಲ್ಲ ಎರಿಗಳಲ್ಲೂ ನೊಣ ತುಂಬಿದಾಗ ಜೇನುಕೋಣೆ ಏರಿಸಿ. ಎರಿಯ ಮುಕ್ಕಾಲು ಭಾಗದ ಕಣ್ಣುಗಳಿಗೆ ಮೇಣದ ಮುಚ್ಚಳ ಬಿದ್ದ ಮೇಲೆ ತೆಗೆಯಿರಿ. ಅದಕ್ಕೂ ಮೊದಲಿನದು ಹಸಿ ತುಪ್ಪ, ಹುಳಿ ಬರುತ್ತದೆ. ಜೇನುತುಪ್ಪದಲ್ಲಿ ನೀರಿನಂಶ ಶೇಕಡಾ 20 ಮೀರಬಾರದು ಎಂಬುದು ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ. ಮುಚ್ಚಳ ಕೊಯ್ದು ಯಂತ್ರದಲ್ಲಿ ತಿರುಗಿಸಿ, ಬಟ್ಟೆಯಲ್ಲಿ ಸೋಸಿ, ಒಣಗಿದ ಗಾಜಿನ ಬಾಟಲಿಗೆ ತುಂಬಿ. ಒಲೆಯ ಮೇಲಿಟ್ಟು ಕಾಯಿಸಬೇಡಿ. ರಬ್ಬರಿನ ತುಪ್ಪ ಬೇಗ ಹರಳುಗಟ್ಟುತ್ತದೆ, ಅದು ಕಲಬೆರಕೆಯಲ್ಲ ಎಂದು ಕೊಳ್ಳುವವರಿಗೆ ತಿಳಿಸಿ. ಮರಿಕೋಣೆಯ ತುಪ್ಪಕ್ಕೆ ಎಂದೂ ಕೈಹಾಕಬಾರದು. ಅದು ಕುಟುಂಬದ ಮಳೆಗಾಲದ ಬುತ್ತಿ.

ಹಂತ 10: ಮಳೆಗಾಲ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೆ ಮೇವಿಲ್ಲ, ಮೇವಿದ್ದರೂ ಹಾರಲು ಮಳೆ ಬಿಡುವುದಿಲ್ಲ. ಪೆಟ್ಟಿಗೆಗಳು ಬರಿದಾಗುವುದು ಈ ನಾಲ್ಕು ತಿಂಗಳಲ್ಲಿ. ಮಳೆ ಹಿಡಿಯುವ ಮುಂಚೆ ಜೇನುಕೋಣೆ ಇಳಿಸಿ, ಖಾಲಿ ಎರಿಗಳನ್ನು ತೆಗೆದು, ನೊಣ ಇರುವಷ್ಟೇ ಎರಿ ಬಿಡಿ. ಮಾಡಿನ ಮೇಲೆ ತಗಡೋ ಅಡಿಕೆ ಹಾಳೆಯೋ ಹೊದಿಸಿ. ಎರಡೇ ಎರಿಗೆ ಇಳಿದ ಕುಟುಂಬವನ್ನು ಇನ್ನೊಂದಕ್ಕೆ ಸೇರಿಸಿ, ಕನಿಕರದಿಂದ ಬೇರೆಯಾಗಿ ಉಳಿಸಿಕೊಂಡರೆ ಹೆಚ್ಚಾಗಿ ಎರಡೂ ಹೋಗುತ್ತವೆ.

ತುಪ್ಪದ ದಾಸ್ತಾನು ಕಡಿಮೆಯಾದರೆ ಸಕ್ಕರೆ ಪಾಕ ಕೊಡಿ. ಕುದಿಸಿದ ನೀರು, ಅಷ್ಟೇ ಸಕ್ಕರೆ, ಪೂರ್ತಿ ಆರಿದ ಮೇಲೆ ಗೆರಟೆಯಲ್ಲಿ ಹಾಕಿ, ನೊಣ ಮುಳುಗದಂತೆ ಒಣಹುಲ್ಲಿನ ಕಡ್ಡಿ ತೇಲಿಬಿಟ್ಟು, ಪೆಟ್ಟಿಗೆಯ ಒಳಗೇ ಇಡಬೇಕು. ಮುಸ್ಸಂಜೆಯ ಮೇಲೆಯೇ ಕೊಡಿ, ಎಲ್ಲ ಪೆಟ್ಟಿಗೆಗಳಿಗೂ ಒಂದೇ ದಿನ ಕೊಡಿ, ಹೊರಗೆ ಒಂದು ಹನಿಯೂ ಚೆಲ್ಲಬೇಡಿ. ಹಗಲಿನಲ್ಲಿ ಕೊಟ್ಟರೆ ಬಲವಾದ ಕುಟುಂಬ ದುರ್ಬಲವಾದದ್ದನ್ನು ಕೊಳ್ಳೆ ಹೊಡೆಯುತ್ತದೆ. ಒಂದೆರಡು ದಿನದಲ್ಲಿ ಖಾಲಿಯಾಗುವಷ್ಟೇ ಕೊಡಿ, ಉಳಿದು ಹುಳಿಯಾದ ಪಾಕ ಕೇಡು. ಜೇನುಕೋಣೆ ಏರಿಸುವ ಕಾಲಕ್ಕೆ ಪಾಕ ನಿಲ್ಲಿಸಲೇಬೇಕು. ಇಲ್ಲವಾದರೆ ನಿಮ್ಮ ಬಾಟಲಿಗೆ ಬರುವುದು ಸಕ್ಕರೆಯೇ.

ಮಳೆಯ ನಡುವೆ ಒಂದು ಬಿಸಿಲು ಬಂದರೆ ಬೇರೆ ಕೆಲಸ ಬಿಟ್ಟು ಪೆಟ್ಟಿಗೆ ನೋಡಿ. ಅಡಿಮಣೆ ಒರೆಸಿ, ಬೂಸಲು ಹಿಡಿದ ಎರಿ ತೆಗೆಯಿರಿ. ಕಡಜ ಬಾಗಿಲಲ್ಲಿ ಕಾಯುತ್ತಿದ್ದರೆ ಬಾಗಿಲನ್ನು ಕಿರಿದು ಮಾಡಿ.

ಅಕ್ಟೋಬರ್‌ನಲ್ಲಿ ಪೆಟ್ಟಿಗೆಯಲ್ಲಿ ಹೊಸ ಬಿಳಿ ಎರಿ ಕಂಡರೆ ಮೊದಲ ವರ್ಷ ಗೆದ್ದಂತೆ, ತುಪ್ಪ ಒಂದೇ ಬಾಟಲಿ ಸಿಕ್ಕಿದ್ದರೂ ಸರಿ. ಆಗ ಇನ್ನಷ್ಟು ಕುಟುಂಬ ಕೊಳ್ಳಲು ಹೋಗಬೇಡಿ. ನಿಮ್ಮ ತೋಟದ ಮಳೆ ತಡೆದು ಉಳಿದ, ರೋಗ ಕಾಣದ, ನೊಣ ದಟ್ಟವಾಗಿರುವ ಕುಟುಂಬದಿಂದಲೇ ಪಾಲು ಮಾಡಿ ಹೆಚ್ಚಿಸಿಕೊಳ್ಳಿ.