ತೂಫಾನಿನ ತಿಂಗಳಲ್ಲಿ ಯಾವ ಬಂದರು?

ಸೆಪ್ಟೆಂಬರ್ ಬಂತೆಂದರೆ ಕೆರಿಬಿಯನ್ ಕ್ರೂಸ್ ಟಿಕೆಟ್ ಅಗ್ಗವಾಗುತ್ತದೆ. ಮಕ್ಕಳಿಗೆ ಶಾಲೆ ಶುರುವಾಗಿರುತ್ತದೆ, ಅಮೆರಿಕದವರ ಬೇಸಿಗೆ ರಜೆ ಮುಗಿದಿರುತ್ತದೆ. ಅದೆಲ್ಲಕ್ಕಿಂತ ದೊಡ್ಡ ಕಾರಣ, ಅದು ಅಟ್ಲಾಂಟಿಕ್‌ನಲ್ಲಿ ಹರಿಕೇನ್‌ಗಳ ಕಾಲ. ಜೂನ್ 1ರಿಂದ ನವೆಂಬರ್ 30ರವರೆಗೆ ಎಂದು ಲೆಕ್ಕ. ಭರಾಟೆಯೆಲ್ಲ ಆಗಸ್ಟ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ, ಸೆಪ್ಟೆಂಬರ್ 10ರ ಆಸುಪಾಸಿನಲ್ಲಿ ಅದರ ತುತ್ತತುದಿ. ನ್ಯೂಜೆರ್ಸಿಯ ನಮ್ಮಂಥ ಕನ್ನಡದ ಮನೆಗಳಿಗೆ ಊರಿಂದ ಅಪ್ಪ-ಅಮ್ಮ ಬಂದಿರುವುದೂ ಹೆಚ್ಚುಕಡಿಮೆ ಇದೇ ಹೊತ್ತಿನಲ್ಲಿ. ಚಳಿ ಬೀಳುವ ಮೊದಲು ಅವರಿಗೆ ವಾಪಸ್ ಹೊರಡಬೇಕು, ಅಷ್ಟರೊಳಗೆ ಎಲ್ಲಾದರೂ ಸುತ್ತಾಡಿಸಬೇಕೆಂಬ ಆಸೆ ನಮಗೆ. ಹೀಗಾಗಿ ತೂಫಾನಿನ ತಿಂಗಳಲ್ಲೇ ಹಡಗು ಹತ್ತುವುದು ನಮ್ಮ ಮನೆಯಲ್ಲಿ ರೂಢಿಯಾಗಿಹೋಗಿದೆ.

ಅಪ್ಪ ಮಲ್ಪೆಯ ಐಸ್ ಪ್ಲಾಂಟ್ ಒಂದರಲ್ಲಿ ಲೆಕ್ಕ ಬರೆದು ನಿವೃತ್ತರಾದವರು. ಕಡಲಿಗೆ ಇಳಿದವರಲ್ಲ, ಇಳಿಯುವವರ ನಡುವೆಯೇ ಬದುಕಿದವರು. ಮೊದಲ ಸಲ ವಿಷಯ ಎತ್ತಿದಾಗ ಅವರು ಹೇಳಿದ್ದು: "ಎಂಥದು ಮಾರಾಯ್ತಿ, ನಮ್ಮಲ್ಲಿ ಜೂನ್ ಬಂದರೆ ಬೋಟು ದಡಕ್ಕೆ ಹಾಕ್ತಾರೆ, ಇಲ್ಲಿ ದುಡ್ಡು ಕೊಟ್ಟು ಹತ್ತುದಾ?" ಮಾತಿನಲ್ಲಿ ಸುಳ್ಳೇನಿಲ್ಲ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವೇ ಇದೆ. ಅಮ್ಮನದ್ದು ಇನ್ನೂ ನೇರ ಪ್ರಶ್ನೆ: ಮುಳುಗಿದರೆ?

ಮುಳುಗುವ ಭಯ ಇಲ್ಲಿ ಅಷ್ಟು ದೊಡ್ಡದಲ್ಲ. ಉಷ್ಣವಲಯದಲ್ಲಿ ಹರಿಕೇನ್ ಮುಂದೆ ಸಾಗುವುದು ಸಾಮಾನ್ಯವಾಗಿ ಗಂಟೆಗೆ ಹತ್ತು ಹದಿನೈದು ಮೈಲಿ. ದೊಡ್ಡ ಕ್ರೂಸ್ ಹಡಗು ಇಪ್ಪತ್ತು ನಾಟ್ ದಾಟಿ ಓಡಬಲ್ಲದು. ಮಯಾಮಿಯ ರಾಷ್ಟ್ರೀಯ ಹರಿಕೇನ್ ಕೇಂದ್ರ ದಿನಗಟ್ಟಲೆ ಮುಂಚೆಯೇ ಎಚ್ಚರಿಸಿರುತ್ತದೆ, ಕ್ಯಾಪ್ಟನ್ ಬಳಸಿಕೊಂಡು ಹೋಗುತ್ತಾರೆ. ಕೈತಪ್ಪುವುದು ನಾವು ಆಸೆಪಟ್ಟು ಆರಿಸಿದ ಊರು. ಟಿಕೆಟ್ಟಿನ ಹಿಂದಿನ ಕರಾರನ್ನು ಕಣ್ಣು ಕಿರಿದು ಮಾಡಿ ಓದಿದರೆ, ಯಾವ ಬಂದರನ್ನು ಬೇಕಾದರೂ ಬಿಡುವ, ಬದಲಿಸುವ ಹಕ್ಕು ಹಡಗಿನವರಿಗೆ ಇರುತ್ತದೆ. ತಪ್ಪಿದ ಬಂದರಿನ ಶುಲ್ಕವನ್ನು ಹಡಗಿನ ಖಾತೆಗೆ ಜಮಾ ಮಾಡುತ್ತಾರೆ, ಬಹುಮಟ್ಟಿಗೆ ಅಷ್ಟೇ.

ಇದು ತಲೆಗೆ ಹೋದ ಮೇಲೆ ನಾನು ಆರಿಸುವ ರೀತಿಯೇ ಬದಲಾಯಿತು. ಯಾವ ದ್ವೀಪ ಚೆಂದ ಎಂದು ಈಗ ನೋಡುವುದಿಲ್ಲ. ಆ ದ್ವೀಪ ತಪ್ಪಿದರೆ ಹಡಗು ಇನ್ನೆಲ್ಲಿಗೆ ಹೋಗಬಹುದು, ಅದು ನಮಗೆ ಆಗಿಬರುತ್ತದೆಯೇ, ಹೊರಡುವ ಬಂದರು ಯಾವುದು ಎಂದು ನೋಡುತ್ತೇನೆ. ನಮ್ಮ ಯಜಮಾನರು ಇನ್ನೂ ಬೀಚಿನ ಫೋಟೋ ನೋಡಿಯೇ ಮನಸ್ಸು ಮಾಡುವವರು. ಅದು ಬೇರೆ ಮಾತು.

ಪೂರ್ವ ಕೆರಿಬಿಯನ್, ಅಂದರೆ ಸೇಂಟ್ ಥಾಮಸ್, ಸೇಂಟ್ ಮಾರ್ಟನ್, ಸಾನ್ ಹುವಾನ್ ಕಡೆಯ ದಾರಿ, ನೋಡಲು ಅತ್ಯಂತ ಸೊಗಸು. ಆದರೆ ಆಫ್ರಿಕದ ಪಶ್ಚಿಮ ತೀರದಿಂದ ಹೊರಟ ಗಾಳಿಯ ಅಲೆಗಳು ಅಟ್ಲಾಂಟಿಕ್ ದಾಟುತ್ತಾ ಬಲಿತು ಬಂದಾಗ ಮೊದಲು ಎದುರಾಗುವುದೂ ಇದೇ ದ್ವೀಪಗಳು. 2017ರ ಸೆಪ್ಟೆಂಬರ್‌ನಲ್ಲಿ ಇರ್ಮಾ, ಅದರ ಬೆನ್ನಿಗೇ ಮರಿಯಾ ಬಂದು, ಅಲ್ಲಿನ ಕೆಲವು ಬಂದರುಗಳಿಗೆ ಕ್ರೂಸ್ ಹಡಗು ಮತ್ತೆ ಬರಲು ತಿಂಗಳುಗಳೇ ಹಿಡಿದವು. ನಾವು ಒಮ್ಮೆ ಇದೇ ದಾರಿಗೆ ಟಿಕೆಟ್ ತೆಗೆದಿದ್ದೆವು, ಹಡಗು ಪೂರ್ವಕ್ಕೆ ಹೋಗಲಿಲ್ಲ, ಮೆಕ್ಸಿಕೋದ ಕಡೆ ತಿರುಗಿತು. ಅಮ್ಮನಿಗೆ ಯಾವ ದ್ವೀಪವಾದರೂ ಒಂದೇ. ಊಟಕ್ಕೆ ಸಾರಿನ ಬದಲು ಟೊಮೆಟೊ ಸೂಪ್ ಸಿಗುತ್ತಿತ್ತು, ಅವರಿಗೆ ಅಷ್ಟು ಸಾಕು. ಪಕ್ಕದ ಟೇಬಲ್ಲಿನ ಗಂಡ-ಹೆಂಡತಿ ಮಾತ್ರ ತಾವು ಮದುವೆಯಾದ ಸೇಂಟ್ ಥಾಮಸ್ಸಿಗೇ ಹೊರಟವರು. ವಾರವಿಡೀ ಅವರ ಮುಖ ನೋಡಲಾಗಲಿಲ್ಲ. ಒಂದೇ ಊರಿನ ಮೇಲೆ ಮನಸ್ಸಿಟ್ಟವರು ಸೆಪ್ಟೆಂಬರ್‌ನಲ್ಲಿ ಪೂರ್ವದ ದಾರಿ ಹಿಡಿಯಬಾರದು.

ಪಶ್ಚಿಮದ ದಾರಿಯಲ್ಲಿ ಕೊಝುಮೆಲ್, ಗ್ರ್ಯಾಂಡ್ ಕೇಮನ್, ಜಮೈಕ. ಸೆಪ್ಟೆಂಬರ್‌ನಲ್ಲಿ ಪೂರ್ವಕ್ಕಿಂತ ಇದು ವಾಸಿ ಎನ್ನುವವರಿದ್ದಾರೆ, ನಾನೂ ಅವರಲ್ಲೊಬ್ಬಳು. ಆದರೆ ಅಕ್ಟೋಬರ್‌ನಲ್ಲಿ ಆ ಮಾತು ನಡೆಯುವುದಿಲ್ಲ, ಆಗ ಪಶ್ಚಿಮ ಕೆರಿಬಿಯನ್ನಿನ ಬಿಸಿ ನೀರಿನಲ್ಲೇ ತೂಫಾನು ಹುಟ್ಟುತ್ತದೆ. 2005ರ ಅಕ್ಟೋಬರ್‌ನ ವಿಲ್ಮಾ ಅಲ್ಲೇ ಹುಟ್ಟಿ, ಅದರ ಕೇಂದ್ರದ ಒತ್ತಡ 882 ಮಿಲಿಬಾರ್‌ಗೆ ಇಳಿದಿತ್ತು; ಅಟ್ಲಾಂಟಿಕ್‌ನಲ್ಲಿ ದಾಖಲಾದ ಅತಿ ಕಡಿಮೆ ಒತ್ತಡ ಅದು. ಮುಂದೆ ಕೊಝುಮೆಲ್, ಕಾನ್‌ಕುನ್ ಭಾಗದ ಮೇಲೆ ಒಂದು ದಿನಕ್ಕೂ ಹೆಚ್ಚು ಹೊತ್ತು ಕದಲದೆ ಕೂತು ಹಿಂಡಿತು.

ಗ್ರ್ಯಾಂಡ್ ಕೇಮನ್ನಿನಲ್ಲಿ ದೊಡ್ಡ ಹಡಗು ಕಟ್ಟುವ ಧಕ್ಕೆ ಇಲ್ಲ. ಹಡಗು ದೂರದಲ್ಲಿ ನಿಲ್ಲುತ್ತದೆ, ಟೆಂಡರ್ ಎಂಬ ಸಣ್ಣ ದೋಣಿಯಲ್ಲಿ ಜಾರ್ಜ್‌ಟೌನಿಗೆ ಹೋಗಬೇಕು. ನಾವು ಹೋದ ಬೆಳಿಗ್ಗೆ ಆಕಾಶ ತೊಳೆದಿಟ್ಟಂತಿತ್ತು, ಎಲೆ ಅಲುಗುವಷ್ಟೂ ಗಾಳಿಯಿಲ್ಲ. ಜನ ಟೋಪಿ, ಟವೆಲ್ ಹಿಡಿದು ಮೆಟ್ಟಿಲ ಬಳಿ ಸಾಲುಗಟ್ಟಿದ್ದರು. ಅಷ್ಟರಲ್ಲಿ ಮೈಕಿನಲ್ಲಿ ಕ್ಯಾಪ್ಟನ್ ದನಿ: ಟೆಂಡರ್ ಓಡಿಸುವುದಿಲ್ಲ, ಮುಂದೆ ಹೊರಡುತ್ತೇವೆ. ಗದ್ದಲವೋ ಗದ್ದಲ. ಇಷ್ಟು ಒಳ್ಳೆಯ ಬಿಸಿಲಿನಲ್ಲಿ ಇದೆಂಥ ನೆಪ ಎಂದು ಒಬ್ಬರು ಸಿಬ್ಬಂದಿಯ ಹುಡುಗಿಯ ಮೇಲೆ ಹರಿಹಾಯ್ದರು. ಅಪ್ಪ ನನ್ನನ್ನು ಕಟಾಂಜನದ ಹತ್ತಿರ ಕರೆದು ಕೆಳಗೆ ತೋರಿಸಿದರು. ಹಡಗಿನ ಬದಿಗೆ ಕಟ್ಟಿದ್ದ ಟೆಂಡರ್ ದೋಣಿ ಮೆಲ್ಲಗೆ ಮೇಲೇಳುತ್ತಿತ್ತು, ಹತ್ತುವ ಬಾಗಿಲನ್ನೂ ದಾಟಿ ಮೇಲೆ ಬಂದು, ಮತ್ತೆ ಅಷ್ಟೇ ನಿಧಾನವಾಗಿ ಆಳಕ್ಕೆ ಇಳಿಯುತ್ತಿತ್ತು. ನೀರಿನ ಮೇಲೆ ನೊರೆಯಿಲ್ಲ. ಒಂದು ಅಲೆಗೂ ಮುಂದಿನದಕ್ಕೂ ನಡುವೆ ಎಷ್ಟೋ ಅಂತರ.

"ಗಾಳಿ ಇಲ್ಲದೆ ಅಲೆ ಉಂಟಲ್ಲ, ಇದು ಇಲ್ಲಿಯದ್ದಲ್ಲ," ಎಂದರು ಅಪ್ಪ. "ದೂರದಲ್ಲಿ ಎಲ್ಲೋ ಜೋರು ಉಂಟು."

ಇತ್ತು. ನೂರಾರು ಮೈಲಿಯಾಚೆ ಒಂದು ತೂಫಾನು ತನ್ನ ಪಾಡಿಗೆ ಹೋಗುತ್ತಿತ್ತು, ನಮ್ಮ ದಾರಿಗೆ ಅದು ಅಡ್ಡ ಬರುವ ಮಾತೇ ಇರಲಿಲ್ಲ. ಆದರೆ ಅದು ಎಬ್ಬಿಸಿದ ಅಲೆ ಅದನ್ನು ಬಿಟ್ಟು ಮುಂದೆ ಬಂದಿತ್ತು. ಎಪ್ಪತ್ತು ದಾಟಿದ ಕಾಲುಗಳು ಆ ಬಾಗಿಲಿಂದ ಆ ದೋಣಿಗೆ ಕಾಲಿಡುವುದನ್ನು ಯೋಚಿಸಿದಾಗ ನನಗೆ ಕ್ಯಾಪ್ಟನ್ ಮೇಲೆ ಎಲ್ಲಿಲ್ಲದ ಗೌರವ ಬಂತು. ಅಂದಿನಿಂದ ಈ ತಿಂಗಳುಗಳಲ್ಲಿ ಟಿಕೆಟ್ ತೆಗೆಯುವಾಗ ಟೆಂಡರ್ ಬಂದರು ಎಷ್ಟಿವೆ, ಹಡಗು ಧಕ್ಕೆಗೇ ಹತ್ತುವ ಬಂದರು ಎಷ್ಟಿವೆ ಎಂದು ಎಣಿಸುತ್ತೇನೆ. ಹಲವು ಕಂಪನಿಗಳ ಖಾಸಗಿ ದ್ವೀಪಗಳಲ್ಲೂ ಕೆಲವಕ್ಕೆ ಟೆಂಡರೇ ಗತಿ.

ಇನ್ನು ದಕ್ಷಿಣ. ಅರೂಬಾ, ಬೊನೇರ್, ಕುರಸಾವ್ ಮೂರೂ ವೆನೆಜುವೆಲಾದ ತೀರಕ್ಕೆ ಹತ್ತಿರ, ಸುಮಾರು 12 ಡಿಗ್ರಿ ಉತ್ತರದಲ್ಲಿವೆ. ಬಹುಪಾಲು ತೂಫಾನು ಇವುಗಳ ಉತ್ತರಕ್ಕೇ ಹಾದುಹೋಗುತ್ತದೆ. ಹರಿಕೇನ್ ಕಾಲದಲ್ಲಿ ಎಲ್ಲಿಗೆ ಎಂದು ಕೇಳಿದರೆ ಟ್ರಾವೆಲ್ ಏಜೆಂಟರೆಲ್ಲ ಹೇಳುವುದು ಇದನ್ನೇ, ಹೆಚ್ಚಿನಂಶ ಸರಿಯಾಗಿಯೇ ಹೇಳುತ್ತಾರೆ. ಆದರೂ ದಕ್ಷಿಣವೆಂದರೆ ಪೂರ್ತಿ ನಿಶ್ಚಿಂತೆ ಅಂತಲ್ಲ: ಹೆಚ್ಚುಕಡಿಮೆ ಅದೇ ಅಕ್ಷಾಂಶದ, ಇನ್ನೂ ಪೂರ್ವದ ಗ್ರೆನಡಾವನ್ನು 2004ರಲ್ಲಿ ಐವನ್ ಹಾಳುಗೆಡವಿತು, 2024ರ ಜುಲೈ 1ರಂದು ಬೆರಿಲ್ ಅದೇ ದೇಶದ ಕ್ಯಾರಿಯಕೂ ದ್ವೀಪವನ್ನು ನೆಲಸಮ ಮಾಡಿತು. ಇನ್ನೊಂದು ವಿಷಯವನ್ನು ಏಜೆಂಟರು ಹೇಳುವುದು ಕಡಿಮೆ. ಈ ದಕ್ಷಿಣದ ಹಲವು ಹಡಗುಗಳು ಹೊರಡುವುದು ಪೋರ್ಟೊ ರಿಕೊದ ಸಾನ್ ಹುವಾನ್‌ನಿಂದ. ಅರೂಬಾದಲ್ಲಿ ಬಿಸಿಲು ಕಾಯುತ್ತಿರಬಹುದು, ಹಡಗು ಹತ್ತಬೇಕಾದ ಊರು ಮಾತ್ರ ತೂಫಾನಿನ ಹೆದ್ದಾರಿಯಲ್ಲೇ ಇರುತ್ತದೆ. ನಾವು ಕಡೆಗೆ ಫ್ಲೋರಿಡಾದ ಫೋರ್ಟ್ ಲಾಡರ್‌ಡೇಲ್‌ನಿಂದ ಹೊರಡುವ, ಸ್ವಲ್ಪ ಹೆಚ್ಚು ದಿನದ ಹಡಗಿನಲ್ಲಿ ಹೋದೆವು.

ಫ್ಲೋರಿಡಾಕ್ಕೂ ಭಯ ತಪ್ಪಿದ್ದಲ್ಲ. ಹಡಗು ಓಡಿಹೋಗಬಹುದು, ಬಂದರು ಎಲ್ಲಿಗೆ ಓಡುತ್ತದೆ? ಬಿರುಗಾಳಿ ಬರಲು 72 ಗಂಟೆ ಇದೆ ಎನ್ನುವಾಗ ಅಮೆರಿಕದ ಕೋಸ್ಟ್ ಗಾರ್ಡ್ ಬಂದರಿಗೆ ವಿಸ್ಕಿ ಎಂಬ ಸ್ಥಿತಿ ಘೋಷಿಸುತ್ತದೆ. 48 ಗಂಟೆಗೆ ಎಕ್ಸ್-ರೇ, 24ಕ್ಕೆ ಯಾಂಕಿ, 12ಕ್ಕೆ ಝುಲು. ಝುಲು ಬಂತೆಂದರೆ ಬಂದರು ಬಂದ್. 2024ರ ಅಕ್ಟೋಬರ್‌ನಲ್ಲಿ ಮಿಲ್ಟನ್ ಬಂದಾಗ ಟ್ಯಾಂಪಾ, ಕೆನವೆರಲ್ ಎರಡೂ ಮುಚ್ಚಿ, ಹಿಂದಿರುಗಬೇಕಿದ್ದ ಹಡಗುಗಳು ಕಡಲಲ್ಲೇ ಉಳಿದವು. ಹಾಗಾಗಿ ಅಪ್ಪನ ಬಿಪಿ, ಸಕ್ಕರೆ ಮಾತ್ರೆಗಳನ್ನು ಪ್ರವಾಸದ ದಿನಕ್ಕೆ ಸರಿಯಾಗಿ ಎಣಿಸಿ ತುಂಬುವುದನ್ನು ಬಿಟ್ಟಿದ್ದೇನೆ, ಇನ್ನೊಂದು ವಾರದ್ದು ಸೇರಿಸಿ ಕೈಚೀಲದಲ್ಲೇ ಇಡುತ್ತೇನೆ. ವಾಪಸ್ ವಿಮಾನದ ಟಿಕೆಟ್ ಬದಲಿಸಬಹುದಾದದ್ದೇ ಆಗಿರಬೇಕು. ವಿಮೆಯನ್ನು ಮುಂಗಡ ಕಟ್ಟಿದ ವಾರವೇ ಕೊಳ್ಳುತ್ತೇನೆ. ತೂಫಾನಿಗೆ ಹೆಸರಿಟ್ಟ ಮೇಲೆ ಕೊಂಡ ವಿಮೆ ಆ ತೂಫಾನಿಗೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ.

ಮನೆಯ ಪಕ್ಕದ ಬಂದರಿನಿಂದ ಹೊರಟರೆ ವಿಮಾನದ ತಲೆನೋವಿಲ್ಲ ಎಂದುಕೊಂಡು ಬೇಯೊನ್‌ನಿಂದ ಬರ್ಮುಡಾಕ್ಕೆ ಹೋಗುವವರು ನಮ್ಮಲ್ಲಿ ಬಹಳ. ಬರ್ಮುಡಾ ಚೆಂದವೇ. ಆದರೆ ಆ ಪ್ರವಾಸದಲ್ಲಿ ಬಹುಮಟ್ಟಿಗೆ ಊರೆಂದರೆ ಅದೊಂದೇ. ಅದು ತಪ್ಪಿದರೆ ಎಲ್ಲವೂ ತಪ್ಪಿದ ಹಾಗೆ. 2014ರ ಅಕ್ಟೋಬರ್‌ನಲ್ಲಿ ಒಂದೇ ವಾರದೊಳಗೆ ಫೇ, ಗೊನ್ಜಾಲೊ ಎರಡೂ ಆ ಪುಟ್ಟ ನೆಲಕ್ಕೆ ಬಡಿದಿದ್ದವು. ಬರ್ಮುಡಾ ಬಿಟ್ಟಾಗ ಹಡಗಿನವರು ಎಷ್ಟೋ ಸಲ ಉತ್ತರಕ್ಕೆ, ಕೆನಡಾಕ್ಕೆ ತಿರುಗಿಸುತ್ತಾರೆ. ಅಮೆರಿಕದ ಪಾಸ್‌ಪೋರ್ಟ್ ಇದ್ದವರಿಗೆ ಅದೇನೂ ಅಲ್ಲ. ಭಾರತದ ಪಾಸ್‌ಪೋರ್ಟಿಗೆ ಕೆನಡಾದ ವೀಸಾ ಬೇಕು. ನಮ್ಮ ಪರಿಚಯದ ಕುಟುಂಬವೊಂದು ಸೂಟ್‌ಕೇಸ್ ಸಮೇತ ಬಂದರಿನವರೆಗೆ ಹೋಗಿತ್ತು. ಮಗ-ಸೊಸೆ ಹತ್ತಬಹುದು, ಊರಿಂದ ಬಂದ ಹಿರಿಯರು ಹತ್ತುವಂತಿಲ್ಲ ಎಂದರಂತೆ. ಎಲ್ಲರೂ ಮನೆಗೆ ಬಂದು ಉಪ್ಪಿಟ್ಟು ತಿಂದರು. ಹಣವೇನೋ ವಾಪಸ್ ಬಂತು.

ಕೆನಡಾವನ್ನೇ ಬೇಕೆಂದು ಆರಿಸಿದರೂ ತೂಫಾನಿನ ಬಾಲ ಅಲ್ಲಿಗೂ ಮುಟ್ಟುತ್ತದೆ. 2022ರ ಸೆಪ್ಟೆಂಬರ್ 24ರಂದು ಫಿಯೋನಾ ನೋವಾ ಸ್ಕೋಷಿಯಾವನ್ನು ಹೊಡೆದ ಬಗೆ ಸಣ್ಣದಲ್ಲ. ತೂಫಾನಿನ ಗೊಡವೆಯೇ ಬೇಡ ಎನ್ನುವವರಿಗೆ ಅಲಾಸ್ಕಾ ಇದೆ. ಅಲ್ಲಿ ಸೆಪ್ಟೆಂಬರ್ ಎಂದರೆ ಮಳೆ. ಕೆಚಿಕಾನ್‌ನಲ್ಲಿ ಇಳಿದ ಅಮ್ಮ, ಇದನ್ನು ನೋಡುವುದಕ್ಕೆ ಇಷ್ಟು ದೂರ ಬರಬೇಕಿತ್ತಾ, ಆಷಾಢದಲ್ಲಿ ನಮ್ಮ ಅಂಗಳದಲ್ಲಿ ನಿಂತರೆ ಸಾಕಿತ್ತು ಎಂದರು. ಹಿಮನದಿ ಕಂಡ ಮೇಲೆ ಸುಮ್ಮನಾದರು. ಸಿಯಾಟಲ್‌ನಿಂದ ಹೊರಡುವ ವಿದೇಶಿ ನೋಂದಣಿಯ ಹಡಗುಗಳು ಅಮೆರಿಕದ ಕಾನೂನಿನಂತೆ ಒಂದು ವಿದೇಶಿ ಬಂದರಿಗೆ ಹೋಗಲೇಬೇಕು. ಅದು ಸಾಮಾನ್ಯವಾಗಿ ಕೆನಡಾದ ವಿಕ್ಟೋರಿಯಾ. ಅಂದರೆ ಇಲ್ಲೂ ಅದೇ ವೀಸಾ. ಅಪ್ಪ-ಅಮ್ಮ ಊರು ಬಿಡುವ ಮೊದಲೇ ಅದನ್ನು ಮಾಡಿಸಿಟ್ಟರೆ ಅರ್ಧ ಯೋಚನೆ ಇಳಿಯುತ್ತದೆ.

ಈ ಸಲ ಮೈಸೂರಿನಿಂದ ಅತ್ತೆ ಬಂದಿದ್ದಾರೆ. ಅವರಿಗೆ ಬಹಾಮಾಸ್ ನೋಡಬೇಕು, ಅದೂ ಸೆಪ್ಟೆಂಬರ್ ಮೊದಲ ವಾರವೇ. 2019ರಲ್ಲಿ ಡೋರಿಯನ್ ಅಲ್ಲಿನ ಅಬಾಕೊ ಮೇಲೆ ಎರಗಿದ್ದು ಸೆಪ್ಟೆಂಬರ್ 1ಕ್ಕೇ ಎಂದು ಹೇಳಿ, ಹರಿಕೇನ್ ಕೇಂದ್ರದ ಏಳು ದಿನದ ನಕ್ಷೆಯನ್ನು ಫೋನಿನಲ್ಲಿ ತೋರಿಸಿದೆ. ದಿನಕ್ಕೆ ನಾಲ್ಕು ಸಲ ಹೊಸದಾಗಿ ಬರುತ್ತದೆ, ನೋಡುತ್ತಿರಿ ಎಂದೆ. ಈಗ ನನಗಿಂತ ಮೊದಲು ಅವರೇ ನೋಡುತ್ತಾರೆ. ಆಫ್ರಿಕದ ಹತ್ತಿರ ಹಳದಿ ಗುರುತು ಬಿದ್ದರೆ ಕಾಫಿ ಬಿಟ್ಟು ಕೂಗುತ್ತಾರೆ. "ನವೆಂಬರ್ ಕೊನೆವರೆಗೂ ಕಾಯ್ತೀರಾ ಅತ್ತೆ?" ಎಂದು ಕೇಳಿದೆ. ಆಗ ಟಿಕೆಟ್ ಎಷ್ಟು ಜಾಸ್ತಿ ಆಗುತ್ತೆ ಅಂತ ಮೊದಲು ನೋಡಿ ಹೇಳು ಎಂದರು.