ಕಾರ್ಯಾಲಯದ ಇ-ಮೇಲ್ ವಿಳಾಸ: ಯಾರ ಹೆಸರಿನಲ್ಲಿ, ಯಾರ ಹೊಣೆಯಲ್ಲಿ
(ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನಕ್ಕಾಗಿ)

ಗ್ರಾಮ ಪಂಚಾಯತಿ ಕಾರ್ಯಾಲಯಕ್ಕೆ ಬರುವ ಟಪಾಲಿಗೆ ಆವಕ ವಹಿ ಇದೆ, ಹೊರಹೋಗುವ ಟಪಾಲಿಗೆ ಜಾವಕ ವಹಿ ಇದೆ. ಪತ್ರವು ಯಾವ ದಿನ ಬಂದಿತು, ಯಾರ ಮೇಜಿಗೆ ಹೋಯಿತು, ಉತ್ತರ ಎಂದು ಹೊರಟಿತು ಎಂಬುದಕ್ಕೆ ಈ ಎರಡು ವಹಿಗಳೇ ಸಾಕ್ಷಿ. ಈಗ ಪತ್ರವ್ಯವಹಾರದ ಗಣನೀಯ ಭಾಗ ಇ-ಮೇಲ್‌ಗೆ ಸರಿದಿದೆ. ವಹಿಯ ಶಿಸ್ತು ಮಾತ್ರ ಅದರೊಡನೆ ಸರಿದಿಲ್ಲ. ಅನೇಕ ಕಡೆ ಕಾರ್ಯಾಲಯದ ಫಲಕದ ಮೇಲೆ ಬರೆಸಿರುವ ಇ-ಮೇಲ್ ವಿಳಾಸವು ಯಾವುದೋ ಕಾಲದಲ್ಲಿ ಯಾವುದೋ ನೌಕರರು ತಮ್ಮ ಮೊಬೈಲ್ ಸಂಖ್ಯೆ ಕೊಟ್ಟು ತೆರೆದ ಖಾತೆಯಾಗಿರುತ್ತದೆ. ಅದರ ಗುಪ್ತಪದ ಯಾರಲ್ಲಿದೆ ಎಂದು ಸಭೆಯಲ್ಲಿ ಕೇಳಿದರೆ ಒಬ್ಬರು ಇನ್ನೊಬ್ಬರ ಮುಖ ನೋಡುತ್ತಾರೆ.

ಸವದತ್ತಿ ತಾಲ್ಲೂಕಿನ ಉಗರಗೋಳವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಯಲ್ಲಮ್ಮನಗುಡ್ಡ ಈ ಊರಿಗೆ ಹೊಂದಿಕೊಂಡಿದೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳ ಕಾಲದಲ್ಲಿ ಮಹಾರಾಷ್ಟ್ರ, ಗೋವಾ ಮುಂತಾದ ಕಡೆಗಳಿಂದಲೂ ಭಕ್ತರು ಬರುತ್ತಾರೆ. ಕುಡಿಯುವ ನೀರು, ಕಸ ವಿಲೇವಾರಿ, ಬೀದಿದೀಪ, ಬಯಲಿನ ಅಂಗಡಿಗಳು ಇವುಗಳ ಬಗ್ಗೆ ಅರ್ಜಿ ಕೊಡಬೇಕಾದವರಲ್ಲಿ ಹಲವರು ಊರಿನವರೇ ಅಲ್ಲ. ಕಾಗದ ಹಿಡಿದು ಕಾರ್ಯಾಲಯದ ಬಾಗಿಲಿಗೆ ಬರಲಾಗದ ಇಂಥವರಿಗೆ ಇ-ಮೇಲ್ ವಿಳಾಸವೇ ಬಾಗಿಲು.

ಇಂಥ ಊರಿನಲ್ಲಿ ನಡೆಯಬಹುದಾದ ಒಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳಬಹುದು. ಅಭಿವೃದ್ಧಿ ಅಧಿಕಾರಿಗೆ ಜನವರಿ 3ರಂದು ವರ್ಗಾವಣೆಯಾಗುತ್ತದೆ. ಜಾತ್ರೆಯ ನೀರಿನ ಟ್ಯಾಂಕರುಗಳ ವೆಚ್ಚದ ವಿವರ ಕೋರಿ ಜನವರಿ 5ರಂದು ಒಬ್ಬ ನಾಗರಿಕರು ನಿಗದಿತ ಶುಲ್ಕ ಸಂದಾಯ ಮಾಡಿ, ಫಲಕದ ಮೇಲಿನ ವಿಳಾಸಕ್ಕೆ ಮಾಹಿತಿ ಹಕ್ಕಿನ ಅರ್ಜಿ ಕಳುಹಿಸುತ್ತಾರೆ. ಹೊಸ ಅಧಿಕಾರಿ ಖಾತೆ ತೆರೆಯಲು ಹೋದರೆ ಒಟಿಪಿ ಹಳೆಯ ಅಧಿಕಾರಿಯ ಮೊಬೈಲಿಗೆ ಹೋಗುತ್ತದೆ. ಅವರು ಬೇರೆ ತಾಲ್ಲೂಕಿನಲ್ಲಿ, ಬೇರೆ ಸಭೆಯಲ್ಲಿ ಕುಳಿತಿದ್ದಾರೆ. ನಾಳೆ ನೋಡೋಣ ಎಂಬಲ್ಲಿಗೆ ವಿಷಯ ನಿಲ್ಲುತ್ತದೆ.

ಮಾಹಿತಿ ಹಕ್ಕು ಅಧಿನಿಯಮ, 2005ರ 6ನೇ ಪ್ರಕರಣವು ವಿದ್ಯುನ್ಮಾನ ಸಾಧನದ ಮೂಲಕ ಅರ್ಜಿ ಸಲ್ಲಿಸಲು ಅವಕಾಶ ಕೊಟ್ಟಿದೆ. 7ನೇ ಪ್ರಕರಣವು ಸಾಮಾನ್ಯವಾಗಿ 30 ದಿನಗಳ ಗಡುವು ವಿಧಿಸಿದೆ. ಮೇಲಿನ ಅರ್ಜಿಯ ಗಡುವು ಫೆಬ್ರುವರಿ 4ಕ್ಕೆ ಮುಗಿಯುತ್ತದೆ. ಆ ಬಳಿಕ ಮೌನವನ್ನೂ ನಿರಾಕರಣೆಯೆಂದೇ ಭಾವಿಸಲಾಗುತ್ತದೆ. ಸಮಂಜಸ ಕಾರಣವಿಲ್ಲದ ವಿಳಂಬಕ್ಕೆ 20ನೇ ಪ್ರಕರಣದಂತೆ ಮಾಹಿತಿ ಆಯೋಗವು ದಿನಕ್ಕೆ 250 ರೂಪಾಯಿಯಂತೆ, ಗರಿಷ್ಠ 25,000 ರೂಪಾಯಿಯವರೆಗೆ ಮಾಹಿತಿ ಅಧಿಕಾರಿಯ ಮೇಲೆ ದಂಡ ವಿಧಿಸಬಹುದು.

"ನಾವು ಅದನ್ನು ತೆರೆದೇ ಇರಲಿಲ್ಲ" ಎಂಬ ಸಮಜಾಯಿಷಿ ಎಷ್ಟು ನಿಲ್ಲುತ್ತದೆ? ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ 13ನೇ ಪ್ರಕರಣವನ್ನು ಸದಸ್ಯರು ಒಮ್ಮೆ ಓದುವುದು ಒಳ್ಳೆಯದು. ಬೇರೆ ಒಪ್ಪಂದ ಇಲ್ಲದಿದ್ದಾಗ, ಸ್ವೀಕರಿಸುವವರು ಇಂಥದೇ ಗಣಕ ವ್ಯವಸ್ಥೆಗೆ ಕಳುಹಿಸಿರೆಂದು ಗೊತ್ತುಪಡಿಸಿದ್ದರೆ, ದಾಖಲೆಯು ಆ ವ್ಯವಸ್ಥೆಯನ್ನು ಪ್ರವೇಶಿಸಿದ ಕ್ಷಣವೇ ಅದು ತಲುಪಿದ ಕ್ಷಣ. ಯಾರಾದರೂ ತೆರೆದರೇ, ಓದಿದರೇ ಎಂಬ ಪ್ರಶ್ನೆ ಅಲ್ಲಿ ಬರುವುದಿಲ್ಲ. ಅಂಥ ವ್ಯವಸ್ಥೆಯನ್ನು ಗೊತ್ತುಪಡಿಸಿದ್ದೂ, ಪತ್ರ ಅದನ್ನು ಬಿಟ್ಟು ಬೇರೆ ಕಡೆಗೆ ಹೋಗಿದ್ದರೆ ಮಾತ್ರ ಅದನ್ನು ತೆಗೆದು ನೋಡಿದ ಸಮಯ ಲೆಕ್ಕಕ್ಕೆ ಬರುತ್ತದೆ. ಹೀಗಾಗಿ ಫಲಕದ ಮೇಲೆ ವಿಳಾಸ ಬರೆಸುವುದು ಬಣ್ಣದವನ ಕೆಲಸವೆಂದು ತಿಳಿಯಬಾರದು. ಅದು ಪಂಚಾಯತಿಯು ಸಾರ್ವಜನಿಕರಿಗೆ ಕೊಡುವ ಮಾತು.

ಹುದ್ದೆಗೊಂದು ವಿಳಾಸವಿರಬೇಕೆಂಬ ವಿಚಾರ ಹೊಸದೇನಲ್ಲ. 1971ರಲ್ಲಿ ರೇ ಟಾಮ್ಲಿನ್ಸನ್ ಬಳಕೆದಾರನ ಹೆಸರು ಮತ್ತು ಯಂತ್ರದ ಹೆಸರುಗಳ ನಡುವೆ '@' ಚಿಹ್ನೆಯನ್ನಿಟ್ಟಾಗ ವಿಳಾಸವು ವ್ಯಕ್ತಿಯದಾಗಿತ್ತು. 1982ರ ಅಂತರಜಾಲ ಮಾನದಂಡವು ಪ್ರತಿ ಮೇಲ್ ವ್ಯವಸ್ಥೆಯಲ್ಲಿಯೂ 'ಪೋಸ್ಟ್‌ಮಾಸ್ಟರ್' ಎಂಬ ವಿಳಾಸ ಇರಲೇಬೇಕೆಂದಿತು; ಆ ಸ್ಥಾನದಲ್ಲಿ ಯಾರು ಕುಳಿತಿದ್ದಾರೆಂದು ಬರೆಯುವವರಿಗೆ ಗೊತ್ತಿರಬೇಕಾಗಿಲ್ಲ. 1997ರ ಮಾನದಂಡವೊಂದು ಮಾಹಿತಿ, ಮಾರಾಟ, ನೆರವು ಮುಂತಾದ ಕಾರ್ಯಗಳಿಗೂ ಇಂಥ ಸಾಮಾನ್ಯ ಹೆಸರುಗಳನ್ನು ಸೂಚಿಸಿತು. ಭಾರತ ಸರ್ಕಾರವು 2014ರಲ್ಲಿ ರೂಪಿಸಿದ ಇ-ಮೇಲ್ ನೀತಿಯೂ ಪದನಾಮದ ವಿಳಾಸ, ಹೆಸರಿನ ವಿಳಾಸ ಎಂದು ಎರಡನ್ನು ಬೇರ್ಪಡಿಸಿ, ಸಾರ್ವಜನಿಕರೊಡನೆ ವ್ಯವಹರಿಸುವ ಅಧಿಕಾರಿಗಳಿಗೆ ಪದನಾಮದ ವಿಳಾಸವನ್ನು ಶಿಫಾರಸು ಮಾಡಿದೆ. ಅಧಿಕಾರಿ ಬದಲಾದರೂ ವಿಳಾಸ ಅಲ್ಲಿಯೇ ಉಳಿಯಬೇಕೆಂಬುದು ಇದರ ತಿರುಳು.

ಒಂದು ವಿಳಾಸವನ್ನು ಹಲವರು ನೋಡಿಕೊಳ್ಳಲು ಮೇಲ್ ಸರ್ವರಿನಲ್ಲಿ ಮೂರು ಬಗೆಯ ಏರ್ಪಾಡುಗಳಿವೆ. ಮೊದಲನೆಯದು ಅಡ್ಡಹೆಸರು. ಕಾರ್ಯಾಲಯದ ಹೆಸರಿಗೆ ಬಂದ ಪತ್ರವನ್ನು ಸರ್ವರು ಒಬ್ಬ ನೌಕರರ ಸ್ವಂತ ಪೆಟ್ಟಿಗೆಗೆ ಹಾಕುತ್ತದೆ. ಏರ್ಪಡಿಸುವುದು ಅತಿ ಸುಲಭ, ಸರ್ವರಿನ ಪಟ್ಟಿಯಲ್ಲಿ ಒಂದು ಸಾಲು ಸೇರಿಸಿದರೆ ಮುಗಿಯಿತು. ಆದರೆ ಆ ನೌಕರರು ಹೋದ ದಿನ ಹಳೆಯ ಪತ್ರಗಳೂ ಅವರ ಪೆಟ್ಟಿಗೆಯೊಡನೆ ಹೋಗುತ್ತವೆ.

ಎರಡನೆಯದು ಗುಂಪು ವಿಳಾಸ. ಬಂದ ಪತ್ರದ ಒಂದೊಂದು ಪ್ರತಿ ಪಟ್ಟಿಯಲ್ಲಿರುವ ಪ್ರತಿಯೊಬ್ಬರಿಗೂ ಹೋಗುತ್ತದೆ. ಸಭೆಯ ನೋಟೀಸು ಕಳುಹಿಸಲು ಇದು ಯೋಗ್ಯ; ಅರ್ಜಿ ಸ್ವೀಕರಿಸಲು ಅಲ್ಲ. ಐವರಿಗೆ ಪ್ರತಿ ಹೋದರೆ ಉಳಿದ ನಾಲ್ವರಲ್ಲಿ ಯಾರಾದರೂ ಉತ್ತರಿಸಿರುತ್ತಾರೆಂದು ಐವರೂ ಸುಮ್ಮನಿರುವ ಸಂಭವವೇ ಹೆಚ್ಚು. ಕೆಲವೊಮ್ಮೆ ಇಬ್ಬರು ಉತ್ತರಿಸಿ, ಎರಡು ಉತ್ತರಗಳು ಒಂದಕ್ಕೊಂದು ತಾಳೆಯಾಗದೆ ಹೋಗುವುದೂ ಉಂಟು.

ಮೂರನೆಯದು ಹಂಚಿಕೆಯ ಪೆಟ್ಟಿಗೆ. ಪೆಟ್ಟಿಗೆ ಒಂದೇ, ಅನುಮತಿ ಪಡೆದವರು ತಮ್ಮ ತಮ್ಮ ಸ್ವಂತ ಖಾತೆ ಮತ್ತು ಗುಪ್ತಪದದಿಂದ ಅದರೊಳಗೆ ಬರುತ್ತಾರೆ. ಒಬ್ಬರು ಉತ್ತರಿಸಿದರೆ ಉಳಿದವರಿಗೂ ಅದು ಕಾಣುತ್ತದೆ. ನೌಕರರು ಬದಲಾದರೆ ಅವರ ಅನುಮತಿಯನ್ನಷ್ಟೇ ತೆಗೆದರಾಯಿತು. ಪತ್ರಗಳು ಕಾರ್ಯಾಲಯದಲ್ಲೇ ಉಳಿಯುತ್ತವೆ. ಆವಕ-ಜಾವಕ ವಹಿಗೆ ಅತಿ ಸಮೀಪದ ಏರ್ಪಾಡು ಇದೇ ಆಗಿದ್ದು, ಗ್ರಾಮ ಪಂಚಾಯತಿಗೆ ಹೊಂದುವುದೂ ಇದೇ. ಸರ್ಕಾರಿ ಸರ್ವರಿನಲ್ಲಿ ವಿಳಾಸ ಇನ್ನೂ ದೊರೆಯದ ಕಡೆ, ತಾತ್ಕಾಲಿಕವಾಗಿ ಬಳಸುವ ಜಿಮೇಲ್ ಖಾತೆಯಲ್ಲಿಯೂ ಪ್ರತಿನಿಧಿಗಳನ್ನು ಸೇರಿಸುವ ಸೌಲಭ್ಯವಿದೆ: ಹತ್ತು ಜನರವರೆಗೆ ಸೇರಿಸಬಹುದು, ಅವರು ಪತ್ರ ಓದಿ ಉತ್ತರಿಸಬಹುದು, ಗುಪ್ತಪದ ಬದಲಿಸಲಾರರು. ಒಂದೇ ಗುಪ್ತಪದವನ್ನು ಚೀಟಿಯಲ್ಲಿ ಬರೆದು ಗಣಕಯಂತ್ರಕ್ಕೆ ಅಂಟಿಸುವ ರೂಢಿ ಹಂಚಿಕೆಯಲ್ಲ. ಪತ್ರ ಅಳಿಸಿಹೋದರೆ ಅಳಿಸಿದವರು ಯಾರೆಂದು ಅಲ್ಲಿ ಎಂದಿಗೂ ತಿಳಿಯುವುದಿಲ್ಲ.

ಸದಸ್ಯರು ಸಹಜವಾಗಿ ಕೇಳುವ ಪ್ರಶ್ನೆಯೊಂದಿದೆ: ಚುನಾಯಿತರಿಗೂ ಈ ಪೆಟ್ಟಿಗೆಯ ಅನುಮತಿ ಬೇಡವೇ? ಬೇಡವೆಂಬುದೇ ಸರಿಯಾದ ಉತ್ತರ. ತಮ್ಮ ಓಣಿಯ ಗಟಾರದ ಕಾಮಗಾರಿಯ ಬಗ್ಗೆ ಯಾರೋ ದೂರು ಬರೆದರೆ, ಆ ದೂರು ಮೊದಲು ಆ ಓಣಿಯ ಸದಸ್ಯರ ಮೊಬೈಲಿನಲ್ಲಿ ತೆರೆದುಕೊಳ್ಳುವುದು ದೂರುದಾರರಿಗೂ ಹಿತವಲ್ಲ, ಸದಸ್ಯರ ಹೆಸರಿಗೂ ಹಿತವಲ್ಲ. ಸಣ್ಣ ಊರಿನಲ್ಲಿ ದೂರು ಬರೆದವರ ಹೆಸರು ಸಂಜೆಯೊಳಗೆ ಕಟ್ಟೆಯ ಮೇಲಿನ ಮಾತಾಗುತ್ತದೆ. ಮರುಸಲ ಅವರು ಬರೆಯುವುದಿಲ್ಲ. ಸದಸ್ಯರಿಗೆ ಬೇಕಾದದ್ದು ಲೆಕ್ಕ: ಎಷ್ಟು ಪತ್ರ ಬಂದವು, ಎಷ್ಟಕ್ಕೆ ಉತ್ತರ ಹೋಯಿತು, ಯಾವುದು ಎಷ್ಟು ದಿನದಿಂದ ಬಾಕಿ ಇದೆ. ಅದನ್ನು ಪ್ರತಿ ಸಾಮಾನ್ಯ ಸಭೆಯಲ್ಲಿ ಕೇಳಿ ಪಡೆಯಬಹುದು.

ಇದಕ್ಕಾಗಿ ಸಭೆಯು ಒಂದು ಠರಾವು ಅಂಗೀಕರಿಸುವುದು ಉಚಿತ. ಅದರಲ್ಲಿ ಗೊತ್ತುಪಡಿಸಿದ ವಿಳಾಸವನ್ನು ಅಕ್ಷರ ತಪ್ಪದಂತೆ ಬರೆಯಬೇಕು. ಒಂದು ಚುಕ್ಕೆ ತಪ್ಪಿದರೂ ಪತ್ರ ಬೇರೆಡೆಗೆ ಹೋದೀತು. ದಿನಕ್ಕೆ ಎರಡು ಬಾರಿ ಪೆಟ್ಟಿಗೆ ತೆರೆಯುವ ಒಬ್ಬ ನೌಕರರನ್ನೂ, ಅವರು ರಜೆಯಲ್ಲಿದ್ದಾಗ ನೋಡುವ ಇನ್ನೊಬ್ಬರನ್ನೂ ಪದನಾಮದಿಂದ ಹೆಸರಿಸಬೇಕು. ಬಂದ ಪ್ರತಿ ಅರ್ಜಿಯನ್ನು ಅದೇ ದಿನ ಆವಕ ವಹಿಯಲ್ಲಿ ದಾಖಲಿಸಿ, ಆ ಸಂಖ್ಯೆಯನ್ನು ಅರ್ಜಿದಾರರಿಗೆ ಮರುಪತ್ರದಲ್ಲಿ ತಿಳಿಸಬೇಕು. ಅನಪೇಕ್ಷಿತ ಪತ್ರಗಳ ಕಡತವನ್ನೂ ವಾರಕ್ಕೊಮ್ಮೆಯಾದರೂ ನೋಡಬೇಕು. ನಿಜವಾದ ಅರ್ಜಿಗಳೂ ಅಲ್ಲಿ ಸಿಕ್ಕಿಕೊಳ್ಳುವುದುಂಟು.

ಖಾತೆಗೆ ಜೋಡಿಸುವ ಮೊಬೈಲ್ ಸಂಖ್ಯೆ ಪಂಚಾಯತಿಯ ಹೆಸರಿನಲ್ಲಿ ಪಡೆದದ್ದಾಗಿರಬೇಕು. ಆ ಸಿಮ್ ಕಾರ್ಯಾಲಯದ ಕಪಾಟಿನಲ್ಲಿರಬೇಕು, ಅದರ ರೀಚಾರ್ಜ್ ವೆಚ್ಚವು ಕಾರ್ಯಾಲಯದ ಖರ್ಚಿನಲ್ಲಿ ಸೇರಬೇಕು. ಅಧಿಕಾರಿಯ ವರ್ಗಾವಣೆಯ ದಿನ ಪ್ರಭಾರ ಪಟ್ಟಿಯಲ್ಲಿ ನಗದು ವಹಿ, ಚೆಕ್ ಪುಸ್ತಕ, ಮೊಹರುಗಳ ಕೆಳಗೆ ಇನ್ನೊಂದು ಸಾಲು ಸೇರಲಿ: ಇ-ಮೇಲ್ ಪೆಟ್ಟಿಗೆ, ಬಾಕಿ ಅರ್ಜಿಗಳ ಸಂಖ್ಯೆ, ಸಿಮ್ ಒಂದು. ಗುಪ್ತಪದ ಬದಲಿಸಿ, ಹೋಗುವವರ ಅನುಮತಿ ತೆಗೆದ ನಂತರವೇ ಇಬ್ಬರೂ ಸಹಿ ಮಾಡತಕ್ಕದ್ದು.